ಗೆರೆ ಎಳೆದವರು ನಮ್ಮನ್ನು ಕೇಳಿದರೇನು?

(ಮುದ್ದೇಬಿಹಾಳದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನವೆಂಬರ್ ಒಂದು ಬಂತಂದ್ರ ಊರಾಗ ಬಾವುಟ ಏರತದ. 1956ರಲ್ಲಿ ಕನ್ನಡ ನಾಡು ಒಂದಾಯಿತು ಅಂತ ಭಾಷಣ ಮಾಡತಾರ. ಹೌದು, ಮುಂಬಯಿಯ ಕೈಯಲ್ಲಿದ್ದ ನಮ್ಮ ವಿಜಾಪುರ ಜಿಲ್ಲೆ, ನಿಜಾಮರ ಸೀಮೆಯಾಗಿದ್ದ ಕಲಬುರ್ಗಿ, ರಾಯಚೂರು, ಬೀದರ ಎಲ್ಲವೂ ಮೈಸೂರಿನ ಜೊತೆ ಕೂಡಿದವು. ನಾವು ಕನ್ನಡದ ವಿರೋಧಿಗಳಲ್ಲ. ಬೀಸುವ ಪದ, ಸೋಬಾನ ಪದಗಳಲ್ಲಿ ಕನ್ನಡ ಉಳಿಸಿದವರು ನಮ್ಮ ಅವ್ವಂದಿರು. ಆದರೆ ನಾಡು ಕೂಡಿದ ದಿನ ನಮ್ಮ ಕೇರಿ ಊರಿನ ಜೊತೆ ಕೂಡಿತೇನು?

ಅಮೆರಿಕದ ಇತಿಹಾಸ ನೋಡ್ರಿ. ಅಲ್ಲಿ ಹೊಸ ರಾಜ್ಯವೊಂದು ಒಕ್ಕೂಟ ಸೇರಬೇಕಾದಾಗಲೆಲ್ಲ ಒಂದೇ ಜಗಳ: ಇದು ಗುಲಾಮರನ್ನು ಇಟ್ಟುಕೊಳ್ಳುವ ರಾಜ್ಯವೋ, ಅಲ್ಲವೋ? 1820ರಲ್ಲಿ ಮಿಸ್ಸೌರಿಗೆ ಗುಲಾಮಗಿರಿ ಇರಲಿ, ಮೇನ್ ರಾಜ್ಯಕ್ಕೆ ಬೇಡ ಎಂದು ರಾಜಿ ಮಾಡಿಕೊಂಡು ನಕ್ಷೆಯ ಮೇಲೆ ಗೆರೆ ಎಳೆದರು. ಎರಡೂ ಕಡೆ ಸೆನೆಟ್ ಬಲ ಸಮನಾಗಿ ಉಳಿಯಿತು. 1854ರಲ್ಲಿ ಆ ಗೆರೆ ಅಳಿಸಿ, ಕಾನ್ಸಾಸಿನ ನೆಲಸಿಗರೇ ಮತ ಹಾಕಿ ತೀರ್ಮಾನಿಸಲಿ ಎಂದರು. ಹೊರಗಿನವರು ಬಂದೂಕು ಹಿಡಿದು ನುಗ್ಗಿದರು, ರಕ್ತ ಹರಿಯಿತು. 1861ರಲ್ಲಿ ಯುದ್ಧವೇ ಶುರುವಾಯಿತು. 1865ಕ್ಕೆ ಗುಲಾಮಗಿರಿ ಕಾನೂನಿನಿಂದ ಹೋಯಿತು.

ಅಷ್ಟೂ ವರ್ಷ ಗುಲಾಮನನ್ನು ಯಾರೂ ಕೇಳಲಿಲ್ಲ. ಐದು ಗುಲಾಮರಿಗೆ ಮೂರು ತಲೆಯಂತೆ ಲೆಕ್ಕ ಹಿಡಿದು ಒಡೆಯರು ತಮ್ಮ ಸೀಟು ಹೆಚ್ಚಿಸಿಕೊಂಡರು. ತಲೆ ಗುಲಾಮಂದು, ಸೀಟು ಒಡೆಯಂದು.

ಇಲ್ಲಿ ಏನಾಯಿತು? 1955ರ ಫಜಲ್ ಅಲಿ ಆಯೋಗದ ವರದಿ ಓದ್ರಿ. ಏಕೀಕರಣವಾದರೆ ಲಿಂಗಾಯತರು ಎಷ್ಟು, ಒಕ್ಕಲಿಗರು ಎಷ್ಟು ಎಂಬ ಲೆಕ್ಕ ಅದರಲ್ಲಿದೆ. ನಮ್ಮನ್ನು ನೂರಕ್ಕೆ 17-18 ಎಂದು ಎಣಿಸಿ, ಯಾವ ಒಂದು ಜಾತಿಯೂ ಮೇಲುಗೈ ಆಗದು ಎಂದು ಸಮಾಧಾನ ಹೇಳಿದರು. ತಕ್ಕಡಿ ಸರಿದೂಗಿಸಲು ಇಟ್ಟ ಕಲ್ಲಾದೆವು ನಾವು. ಗುಲಾಮನಿಗೆ ಇಲ್ಲದ ಮತ ನಮಗಿತ್ತು, ಖರೆ. ಆದರೆ ಹೊಲ ಗೌಡಂದು, ಸಾಲ ಗೌಡಂದು, ಬಾವಿ ಗೌಡಂದು ಆದಮ್ಯಾಲೆ ಮತ ಯಾರ ಕೈಯಾಗಿತ್ತು?

ಬಾಬಾಸಾಹೇಬರು ಅದೇ ವರ್ಷ ಭಾಷಾವಾರು ರಾಜ್ಯಗಳ ಬಗ್ಗೆ ಪುಸ್ತಕ ಬರೆದು ಇದನ್ನೇ ಎಚ್ಚರಿಸಿದ್ದರು. ಒಂದು ಭಾಷೆಯ ರಾಜ್ಯ ಎಂದರೆ ಅಲ್ಲಿನ ದೊಡ್ಡ ಜಾತಿಯ ರಾಜ್ಯವಾಗುವ ಅಪಾಯವಿದೆ, ಸಣ್ಣ ಜಾತಿಗಳಿಗೆ ರಕ್ಷಣೆ ಬೇಕು ಎಂಬುದು ಅವರ ವಾದ. ಏಕೀಕರಣವಾಗಿ 35 ದಿನಕ್ಕೆ ಅವರು ತೀರಿಕೊಂಡರು.

ಗೆರೆ ಎಳೆದದ್ದು ನಮ್ಮ ಬೆನ್ನಿನ ಮೇಲೂ ಬಿತ್ತು. ಬಿಟ್ಟಿ ಚಾಕರಿಯ ವತನದ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದಿದ್ದರು. ನಮ್ಮ ಜಿಲ್ಲೆಯೂ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಇಂಡಿಯ ಆಚೆ ಸೊಲ್ಲಾಪುರದ ಕಡೆ ಕೆಳವತನ ರದ್ದಾದದ್ದು 1958ರ ಕಾನೂನಿನಿಂದ. ಈಚೆ ನಮಗೆ 1961ರ ಕಾನೂನು, ಜಾರಿಗೆ ಬಂದದ್ದು 1963ರಲ್ಲಿ. ಹೊಳೆ ಒಂದೇ, ಚಾಕರಿ ಒಂದೇ, ಬಿಡುಗಡೆಯ ದಿನ ಬ್ಯಾರೆ ಬ್ಯಾರೆ! ಜೀತ ರದ್ದಾಗಲು 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಬರಬೇಕಾಯಿತು. ನಾಡು ಕೂಡಿ ಇಪ್ಪತ್ತು ವರ್ಷ ಆಗಿತ್ತು. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಹೊಲ ಸಿಕ್ಕಿತು. ಗೇಣಿಯೂ ಇಲ್ಲದ ಆಳುಮಗನಿಗೆ ಏನು ಸಿಕ್ತು?

ಈಗ ಆಗಾಗ ಪ್ರತ್ಯೇಕ ಉತ್ತರ ಕರ್ನಾಟಕದ ಕೂಗು ಏಳತದ. ಬೆಂಗಳೂರಿನವರು ನಮ್ಮನ್ನು ಮರೆತಾರ ಅಂತಾರ. ಆ ಸಿಟ್ಟಿನಲ್ಲಿ ನ್ಯಾಯ ಇದ್ದೀತು. ಆದರೆ ನಮ್ಮ ಕೇರಿಗೆ ಬಂದು ಕೈ ಎತ್ತಿರಿ ಅಂದವರನ್ನು ನಾವು ಮೊದಲು ಕೇಳಬೇಕು: ಹೊಸ ರಾಜ್ಯದಾಗ ಭೂಮಿ ಯಾರ್ದು? ಜೀತ ಬಿಟ್ಟು ಬಂದವನ ಹೊಟ್ಟೆಗೆ ಏನು? ಗುಡಿ, ಹೋಟೆಲು, ಬಾವಿ ಯಾರ್ದು? ಬಾಯಿಮಾತು ಬ್ಯಾಡ, ಬರೆದು ಕೊಡ್ರಿ ಅನ್ನಬೇಕು.

ಅಲ್ಲಿಯತನಕ ಕೈಯಲ್ಲಿರುವ ಕಾನೂನನ್ನು ಬಿಡುವುದು ಬೇಡ. 1976ರ ಕಾಯಿದೆಯ ಪ್ರಕಾರ ಜೀತದ ಸಾಲ ಸತ್ತ ಸಾಲ, ತೀರಿಸಬೇಕಾಗಿಲ್ಲ. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದ ತನಕ ಜೈಲು. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ನಮ್ಮವರು ಇರಬೇಕು. ಬಸವನ ಬಾಗೇವಾಡಿಯಿಂದ ಸಿಂದಗಿಯತನಕ ಹಳ್ಳಿ ಹಳ್ಳಿಗೆ ಹೋಗಿ ಆಳುಗಳ ಹೆಸರು ಬರೆಯೋಣ, ಅರ್ಜಿ ಹಾಕೋಣ. ನಮ್ಮ ತಲೆಯನ್ನು ಬೇರೆಯವರು ಎಣಿಸಿದ್ದು ಸಾಕು, ಇನ್ನು ನಾವೇ ಎಣಿಸೋಣ.

ಜೈ ಭೀಮ್!