ಪಾಠದ ಓದು, ಖುಷಿಯ ಓದು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ನಮ್ಮ ಕ್ಯಾತ್ಸಂದ್ರದ ಮಗುವಿನ ದಿನಚರಿಯನ್ನು ಸ್ವಲ್ಪ ಗಮನಿಸೋಣ. ಮದರಸಾದಲ್ಲಿ ಅರಬ್ಬಿ, ಶಾಲೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷ್. ಎರಡನ್ನು ಬಲದಿಂದ ಎಡಕ್ಕೆ ಓದಬೇಕು, ಎರಡನ್ನು ಎಡದಿಂದ ಬಲಕ್ಕೆ. ಏಳೆಂಟು ವರ್ಷದ ಮಗು ಇಷ್ಟನ್ನೂ ಕಲಿಯುತ್ತದೆ ಎಂದರೆ ಅದು ಸಾಮಾನ್ಯ ಸಾಧನೆಯಲ್ಲ. ಆದರೆ ಈ ನಾಲ್ಕರಲ್ಲೂ ಓದು ಎಂದರೆ ಪಾಠ, ಬಾಯಿಪಾಠ, ಪರೀಕ್ಷೆ. 'ಸಬಕ್ ಯಾದ್ ಹುವಾ ಕ್ಯಾ?' ಎಂದು ಕೇಳುವವರು ಮನೆತುಂಬ ಇದ್ದಾರೆ. 'ಬಾ, ಒಂದು ಕತೆ ಓದೋಣ' ಎಂದು ಕರೆಯುವವರು ಕಡಿಮೆ.

ಇಂದು ನಾನು ಕೇಳಿಕೊಳ್ಳುವುದು ಒಂದೇ. ದಿನಕ್ಕೆ ಹತ್ತು ನಿಮಿಷ ಮಗು ಬರೀ ಖುಷಿಗಾಗಿ ಓದಲಿ. ಆ ಓದಿಗೆ ಪ್ರಶ್ನೆ ಬೇಡ, ಅಂಕ ಬೇಡ, ತಪ್ಪು ತಿದ್ದುವುದೂ ಬೇಡ.

ಇದರಿಂದೇನು ಲಾಭ ಎಂದು ಕೆಲವರು ಕೇಳಬಹುದು. ನಮ್ಮ ಅನೇಕ ಮಕ್ಕಳು ಉರ್ದು ಮಾಧ್ಯಮದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿ ವಿಜ್ಞಾನ, ಸಮಾಜ, ಗಣಿತ ಎಲ್ಲವೂ ಒಮ್ಮೆಲೇ ಬೇರೆ ಭಾಷೆಯಲ್ಲಿ ಎದುರಾಗುತ್ತವೆ. ಅಕ್ಷರ ಬರುತ್ತದೆ, ಆದರೆ ಒಂದು ಇಡೀ ಪುಟವನ್ನು ಸಲೀಸಾಗಿ ಓದಿ ಅರ್ಥಮಾಡಿಕೊಳ್ಳುವ ರೂಢಿ ಇರುವುದಿಲ್ಲ. ಮಗು ಮೆಲ್ಲಗೆ ಹಿಂದಿನ ಬೆಂಚಿಗೆ ಸರಿಯುತ್ತದೆ. ಎಸ್.ಎಸ್.ಎಲ್.ಸಿ. ಮುಟ್ಟುವ ಮೊದಲೇ ಹುಡುಗ ಗ್ಯಾರೇಜಿಗೆ, ಹುಡುಗಿ ಅಡುಗೆಮನೆಗೆ. ಬುದ್ಧಿಯಲ್ಲಿ ನಮ್ಮ ಮಕ್ಕಳು ಯಾರಿಗೂ ಕಡಿಮೆಯಿಲ್ಲ. ಕಡಿಮೆ ಇರುವುದು ಓದಿನ ಅಭ್ಯಾಸ. ಅಭ್ಯಾಸ ಬೆಳೆಯುವುದು ಇಷ್ಟದಿಂದ, ಹೆದರಿಕೆಯಿಂದಲ್ಲ.

ಹಾಸನದ ಲೇಖಕಿ ಬಾನು ಮುಷ್ತಾಕ್ ಅವರನ್ನು ನೆನೆಯೋಣ. ಎಂಟನೆಯ ವಯಸ್ಸಿನಲ್ಲಿ ಅವರು ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬುದು ಶಾಲೆಯ ಷರತ್ತು. ಆ ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಅವರು ಕನ್ನಡದಲ್ಲಿ ಬರೆದ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಮ್ಮ ಮಕ್ಕಳೆಲ್ಲ ಲೇಖಕರಾಗಬೇಕಿಲ್ಲ. ಮನೆಮಾತು ಬೇರೆಯಾದರೂ ಕನ್ನಡ ನಮ್ಮದಾಗುತ್ತದೆ ಎಂಬ ಧೈರ್ಯ ಅವರಿಗಿದ್ದರೆ ಸಾಕು.

'ನಮಗೇ ಓದು ಬಾರದು ಟೀಚರ್, ಮಕ್ಕಳಿಗೆ ಏನು ಓದಿಸೋಣ?' ಎಂದು ಕೆಲವು ತಾಯಂದಿರು ಕೇಳುತ್ತಾರೆ. ಅಕ್ಷರ ಬಾರದ ದಾದಿ, ನಾನಿಯರೇ ಅಲ್ಲವೇ ನಮಗೆಲ್ಲ ಕತೆ ಹೇಳಿದವರು? ಚಿತ್ರವಿರುವ ಪುಸ್ತಕ ತಂದು ಮಗುವಿನ ಕೈಗೆ ಕೊಡಿ. 'ನೀನೇ ನನಗೆ ಓದಿ ಹೇಳು' ಎನ್ನಿ. ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಳ್ಳಬಹುದು. ಕೇಳುವವರಿದ್ದರೆ ಓದುವವರಿಗೆ ಹುರುಪು.

ಇನ್ನೊಂದು ವಿಷಯ. ಮನೆಯಲ್ಲಿ 'ನಕ್ಕೊ', 'ಕಾಯ್ಕು' ಎನ್ನುವ ಮಗುವಿಗೆ ಪುಸ್ತಕದಲ್ಲಿ 'ನಹೀಂ', 'ಕ್ಯೋಂ' ಎದುರಾಗುತ್ತವೆ. ನಮ್ಮ ದಖನಿ ಬೇರೆ, ಪುಸ್ತಕದ ಉರ್ದು ಬೇರೆ. ಆದ್ದರಿಂದ ಉರ್ದು ಕತೆಯನ್ನಾಗಲಿ ಕನ್ನಡ ಕತೆಯನ್ನಾಗಲಿ ಓದಿದ ಮೇಲೆ ಮನೆಮಾತಿನಲ್ಲೇ ಹೇಳಿ ನಗಲು ಬಿಡಿ. ದಖನಿಯಲ್ಲಿ ಮಾತಾಡಿದರೆ ಭಾಷೆ ಕೆಡುತ್ತದೆ ಎಂದು ಗದರಬೇಡಿ. ಕತೆ ಮನಸ್ಸಿಗೆ ಇಳಿಯುವುದು ಮನೆಮಾತಿನ ಮೂಲಕವೇ.

ಏನು ಓದಬೇಕು? ರಾಷ್ಟ್ರಪತಿಯಾಗಿದ್ದ ಡಾ. ಜಾಕಿರ್ ಹುಸೇನರು ಮಕ್ಕಳಿಗಾಗಿ 'ಅಬ್ಬು ಖಾನ್ ಕೀ ಬಕ್ರಿ' ಎಂಬ ಕತೆ ಬರೆದರು. ಅಷ್ಟು ದೊಡ್ಡ ವಿದ್ವಾಂಸರು ಒಂದು ಮೇಕೆಯ ಕತೆಗೆ ಸಮಯ ಕೊಟ್ಟರು ಎಂಬುದೇ ನಮಗೆ ಪಾಠ. ಕನ್ನಡದಲ್ಲಿ ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಿವೆ. ಬೊಳುವಾರು ಮಹಮದ್ ಕುಂಞಿಯವರು 'ತಟ್ಟು ಚಪ್ಪಾಳೆ ಪುಟ್ಟ ಮಗು' ಎಂಬ ಮಕ್ಕಳ ಪದ್ಯಗಳ ಸಂಕಲನ ಮಾಡಿದ್ದಾರೆ. ಗಾಂಧೀಜಿಯವರ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ ಅವರಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ.

ಹಣವಿಲ್ಲ ಎಂಬ ಚಿಂತೆ ಬೇಡ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಸುತ್ತಲ ಹಳ್ಳಿಗಳಿಂದ ಬಂದಿರುವ ಪೋಷಕರು ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ಮನೆಯಲ್ಲಿ ಮೊಬೈಲ್ ಇದ್ದೇ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು ಎರಡರಲ್ಲೂ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಪುಸ್ತಕವೂ ಇಲ್ಲ, ಮೊಬೈಲೂ ಇಲ್ಲ ಎಂದರೆ ಹೆದ್ದಾರಿಯ ತಟ್ಟೆ ಇಡ್ಲಿ ಹೋಟೆಲಿನ ಬೋರ್ಡು, ಬಸ್ಸಿನ ಬೋರ್ಡು, ರೈಲ್ವೆ ಸ್ಟೇಷನ್ನಿನ ಫಲಕ ಇವನ್ನೇ ಮಗು ಆಟದಂತೆ ಓದಲಿ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಬಹುಮಾನವಾಗಿ ಕೊಡುವ ಸ್ಟೀಲ್ ಲೋಟ, ಡಬ್ಬಿಗಳ ಜೊತೆಗೆ ಒಂದೊಂದು ಕತೆ ಪುಸ್ತಕವನ್ನೂ ಸೇರಿಸಿ. ಸಂಘದ ಕಚೇರಿಯಲ್ಲಿ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಒಂದು ಶೆಲ್ಫ್ ಇಡಿ, ಅದಕ್ಕೆ ಬೀಗ ಹಾಕಬೇಡಿ. ಪುಟ ಹರಿದರೆ ಹರಿಯಲಿ. ಹರಿದ ಪುಸ್ತಕ ಎಂದರೆ ಯಾರೋ ಓದಿದ ಪುಸ್ತಕ.

ಹೈಸ್ಕೂಲಿನ ವಿದ್ಯಾರ್ಥಿಗಳೇ, ನಿಮ್ಮ ಪುಟ್ಟ ತಮ್ಮ ತಂಗಿಯರಿಗೆ ಇವತ್ತು ರಾತ್ರಿಯೇ ಒಂದು ಕತೆ ಓದಿ ಹೇಳಿ. ಅವರ ಜೊತೆಗೆ ನಿಮ್ಮ ಓದೂ ಸರಾಗವಾಗುತ್ತದೆ.