ಅರ್ಧಕ್ಕೆ ನಿಂತ ಡೈರಿ



ಹೊಸ ವರ್ಷಕ್ಕೆ ಬಟ್ಟೆ ಅಂಗಡಿಯವರೋ ಬ್ಯಾಂಕಿನವರೋ ಕೊಟ್ಟ ಡೈರಿ ನಮ್ಮ ಬಹಳಷ್ಟು ಮನೆಗಳಲ್ಲಿದೆ. ತೆರೆದರೆ ಮೊದಲ ಏಳೆಂಟು ಪುಟಗಳಲ್ಲಿ ಬರಹ. ಆಮೇಲೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ಮಕ್ಕಳು ಗೀಚಿದ ಚಿತ್ರ. ನಾವೂ ಇದೇ ಸಾಲಿನವರು. ಮದ್ರಸಾದಲ್ಲಿ ಓದುವಾಗ ಪ್ರತಿ ರಾತ್ರಿ ನಾಲ್ಕು ಸಾಲು ಬರೆದು ಮಲಗಬೇಕೆಂದು ಉಸ್ತಾದರು ಹೇಳುತ್ತಿದ್ದರು. ಅಲ್ಲಿದ್ದಷ್ಟು ದಿನ ಬರೆದೆವು. ಇಮಾಮತ್ ವಹಿಸಿಕೊಂಡ ಮೇಲೆ ನಿಂತುಹೋಯಿತು. ಸಮಯವಿಲ್ಲ ಎಂದುಕೊಂಡೆವು. ಮೊಬೈಲ್ ನೋಡಲು ಸಮಯವಿತ್ತು, ಅದು ಬೇರೆ ಮಾತು.

ಮತ್ತೆ ಪೆನ್ನು ಹಿಡಿಸಿದ್ದು ಒಂದು ಜನಾಝಾ. ನಮಾಝಿಗೆ ಮುಂಚೆ ಮಗ ಎದ್ದು ನಿಂತು, "ನನ್ನ ತಂದೆಯಿಂದ ಯಾರಿಗಾದರೂ ಬರಬೇಕಾದದ್ದು ಇದ್ದರೆ ನನ್ನನ್ನು ಕಾಣಿರಿ" ಎಂದ. ನಾವೆಲ್ಲ ಎಷ್ಟೋ ಸಲ ಕೇಳಿದ ಮಾತು. ವಾರದ ನಂತರ ಅದೇ ಹುಡುಗ ಮಗ್ರಿಬ್ ಮುಗಿದ ಮೇಲೆ ನಮ್ಮ ಪಕ್ಕದಲ್ಲಿ ಬಂದು ಕುಳಿತ. ಮೂವರು ಬಂದು ಕೇಳಿದ್ದಾರೆ, ಒಬ್ಬರ ಬಾಬ್ತು ನಲವತ್ತು ಸಾವಿರ. ತಂದೆ ಎಲ್ಲಿಯೂ ಬರೆದಿಟ್ಟಿಲ್ಲ, ಸಾಕ್ಷಿಗಳೂ ಇಲ್ಲ. ಕೊಡದಿದ್ದರೆ ತಂದೆಯ ತಲೆಯ ಮೇಲೆ ಸಾಲ ಉಳಿಯುತ್ತದೆಯೋ ಎಂಬ ಭಯ. ಕೊಟ್ಟರೆ, ಒಮ್ಮೆ ತೀರಿದ ಸಾಲಕ್ಕೆ ತಂಗಿಯರ ಪಾಲಿನಿಂದ ಇನ್ನೊಮ್ಮೆ ತೆತ್ತಂತಾಗುತ್ತದೆಯೋ ಎಂಬ ಭಯ. "ಏನು ಮಾಡಲಿ ಉಸ್ತಾದ್?" ಎಂದು ಅತ್ತ. ಮಸ್‌ಅಲೆ ಹೇಳಬಹುದಿತ್ತು, ಹೇಳಿದೆವು. ಅವನ ಮನಸ್ಸಿನ ಭಾರ ಇಳಿಸಲು ನಮ್ಮಿಂದಾಗಲಿಲ್ಲ. ಆ ರಾತ್ರಿ ನಮ್ಮದೇ ಲೆಕ್ಕ ಬರೆಯಲು ಕುಳಿತರೆ, ಯಾರ ಕಿತಾಬು ನಮ್ಮಲ್ಲಿದೆ, ಯಾರಿಂದ ಕೈಸಾಲ ತಂದೆವು ಎಂಬುದು ಅರ್ಧ ನೆನಪೇ ಇರಲಿಲ್ಲ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಕುರಿತಾಗಿದೆ ಬಲ್ಲಿರಾ? ಸಾಲವನ್ನು ಬರೆದಿಡುವುದರ ಕುರಿತು. ಅಲ್‌ಬಕರಾ ಅಧ್ಯಾಯದ 282ನೆಯ ಸೂಕ್ತ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದರಲ್ಲಿ ಅಲ್ಲಾಹನು ಹೇಳಿದ್ದಾನೆ. ವಸಿಯ್ಯತ್ ಮಾಡಬೇಕಾದದ್ದು ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲವೆಂದು ಪ್ರವಾದಿ(ಸ) ಕಲಿಸಿದರು. ಅದನ್ನು ಕೇಳಿದ ಮೇಲೆ ಅಬ್ದುಲ್ಲಾ ಇಬ್ನು ಉಮರ್(ರ) ಒಂದು ರಾತ್ರಿಯನ್ನೂ ಹಾಗೆ ಕಳೆಯಲಿಲ್ಲ.

ಹಣದ್ದು ಹೀಗಾದರೆ, ನಾಲಗೆಯ ಸಾಲ? ಬೆಳಿಗ್ಗೆ ಹೆಂಡತಿಗೆ ಅಂದದ್ದು, ಕೆಲಸದವನನ್ನು ನಾಲ್ಕು ಜನರ ಮುಂದೆ ಗದರಿಸಿದ್ದು ಸಂಜೆಯೊಳಗೆ ಮರೆತುಹೋಗುತ್ತದೆ. ಕೇಳಿಸಿಕೊಂಡವರು ಮರೆಯುವುದಿಲ್ಲ. ನಾಳೆ ಲೆಕ್ಕ ಕೇಳುವ ಮುಂಚೆ ನೀವೇ ನಿಮ್ಮ ಲೆಕ್ಕ ನೋಡಿಕೊಳ್ಳಿ ಎಂದು ಹಝ್ರತ್ ಉಮರ್(ರ) ಎಚ್ಚರಿಸುತ್ತಿದ್ದರು. ಇದನ್ನೇ ಮುಹಾಸಬಾ ಎನ್ನುತ್ತಾರೆ. ಕ್ರಿ.ಶ. 857ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಹಾರಿಸ್ ಅಲ್‌ಮುಹಾಸಿಬಿಯವರಿಗೆ ಆ ಹೆಸರು ಬಂದದ್ದೇ ಇದರಿಂದ. ಅದೇ ಬಗ್ದಾದಿನ ಹಂಬಲಿ ವಿದ್ವಾಂಸ ಇಬ್ನುಲ್ ಬನ್ನಾ ತಮ್ಮ ಕೈಯಾರೆ ಬರೆದ ದಿನಚರಿಯ ಒಂದು ಭಾಗ ಇಂದಿಗೂ ಉಳಿದಿದೆ. ಹಿಜರಿ 460–461ರದ್ದು, ಅಂದರೆ ಕ್ರಿ.ಶ. 1068–69. ಯಾರು ತೀರಿಕೊಂಡರು, ಯಾವ ಕನಸು ಬಿತ್ತು, ಊರಿನಲ್ಲಿ ಏನು ನಡೆಯಿತು ಎಂದು ಬರೆದಿದ್ದಾರೆ. ಡೈರಿ ಬರೆಯುವುದು ಇಂಗ್ಲಿಷರಿಂದ ಬಂದ ಅಭ್ಯಾಸ ಎನ್ನುವವರಿಗಾಗಿ ಇಷ್ಟು ಹೇಳಿದೆವು.

"ಮಾಡಿದ ಪಾಪವನ್ನೂ ಬರೆಯಬೇಕೇ?" ಎಂದು ಯುವಕರೊಬ್ಬರು ಕೇಳಿದರು. ಬೇಡ. ಅಲ್ಲಾಹನು ಮುಚ್ಚಿಟ್ಟದ್ದನ್ನು ನಾವೇ ಬಿಚ್ಚಿಡಬಾರದೆಂಬ ಪಾಠ ಹದೀಸಿನಲ್ಲಿದೆ, ನೋಟ್‌ಬುಕ್ ಯಾರ ಕೈಗೂ ಸಿಗಬಹುದು. ಅದಕ್ಕೆ ಮುಸಲ್ಲಾದ ಮೇಲೆ ತೌಬಾ ಇದೆ. ಬರೆಯಬೇಕಾದದ್ದು ನಾಳೆ ಮಾಡಬೇಕಾದ ಕೆಲಸ: ಯಾರಲ್ಲಿ ಕ್ಷಮೆ ಕೇಳಬೇಕು, ಯಾರಿಗೆ ಎಷ್ಟು ಕೊಡಬೇಕು, ಇಂದು ಯಾರು ನಮಗೆ ಉಪಕಾರ ಮಾಡಿದರು. ಸಾಲದ ಪುಟ ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಉಳಿದ ಪುಟ ನಿಮ್ಮದು. ಗಂಡನಾಗಲಿ ಹೆಂಡತಿಯಾಗಲಿ ಇನ್ನೊಬ್ಬರದ್ದನ್ನು ಕದ್ದು ಓದುವುದು ಬೇಡ.

ನಿಂತುಹೋದವರು ನಡುವಿನ ಖಾಲಿ ಪುಟಗಳನ್ನು ತುಂಬಿಸಲು ಹೋಗಬೇಡಿ. ನಾವು ಹಾಗೆ ಮಾಡಲು ಹೋಗಿ ಎರಡು ಬಾರಿ ಕೈಬಿಟ್ಟೆವು. ಇಂದಿನ ತಾರೀಕು ಹಾಕಿ ಮುಂದುವರಿಸಿ. ಸಣ್ಣದಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ತಿಳಿಸಿದ್ದಾರೆ, ಇಶಾ ನಂತರ ಮೂರು ಸಾಲು ಸಾಕು. ಕನ್ನಡವೋ ಉರ್ದುವೋ ಬ್ಯಾರಿಯೋ, ಯಾವ ಭಾಷೆಯಾದರೂ ಆದೀತು. ಬರೆಯಲು ಬಾರದ ಹಿರಿಯರು ಮೊಮ್ಮಕ್ಕಳಿಂದ ಬರೆಸಲಿ. ನಮ್ಮ ಜಮಾಅತಿನ ಒಬ್ಬ ಅಜ್ಜಿ ಹೀಗೆ ಬರೆಸಿದ ಮೊದಲ ಸಾಲು, ಪಕ್ಕದ ಮನೆಯಿಂದ ತಂದ ಎರಡು ಸೇರು ಅಕ್ಕಿಯದ್ದು.

ನಮ್ಮ ಕರ್ಮಪತ್ರವನ್ನು ಅಲ್ಲಾಹನು ಬಲಗೈಯಲ್ಲಿ ಕೊಡಲಿ. ಆಮೀನ್.