ಪ್ಲೇಗಿಗೆ ಮುಂಚೆಯೇ ಒಡೆದ ಮನೆ

(ಯಲಹಂಕದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಲೋಕವೇ ಹಾಳಾದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ ಎಂದು ಹೇಳುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಬಹಳ ಇವೆ. ಬಾಂಬು ಬೀಳುತ್ತದೆ, ಇಲ್ಲವೇ ರೋಗ ಬರುತ್ತದೆ, ಊರು ಖಾಲಿಯಾಗುತ್ತದೆ. ನಮಗೆ ಇದು ಬರಿಯ ಕಲ್ಪನೆಯಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಯಶವಂತಪುರದ ಪಕ್ಕದ ಮಲ್ಲೇಶ್ವರ ಬೆಳೆದದ್ದು ಆಮೇಲೆ, ಪೇಟೆಯ ಇಕ್ಕಟ್ಟು ಬಿಟ್ಟು ಬಂದ ಜನರಿಂದ. ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಇಂದಿಗೂ ಇವೆ. ಅದಕ್ಕೇ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು (1970) ನಾನು ಆ ಸಾಲಿನಲ್ಲಿಟ್ಟು ಓದುತ್ತೇನೆ. ಅವರ ಬೇರೆ ಕಾದಂಬರಿಗಳ ಬಗ್ಗೆ ನಮಗೆ ತಕರಾರುಗಳಿವೆ, ಅದು ಬೇರೆ ಮಾತು. ಈ ಪ್ಲೇಗನ್ನು ಮಾತ್ರ ಅವರು ಬಾಲ್ಯದಲ್ಲಿ ತಮ್ಮ ಮನೆಯಲ್ಲೇ ಕಂಡವರು.

ಇಂಗ್ಲಿಷ್ ಕಾದಂಬರಿಯಲ್ಲಿ ಮೊದಲು ಕೇಡು, ಆಮೇಲೆ ಮನೆ ಒಡೆಯುವುದು. ಇಲ್ಲಿ ತಿರುಗುಮುರುಗು. ಕತೆಯ ಆರಂಭದಲ್ಲೇ ಗಂಗಮ್ಮನ ಗಂಡುಮಕ್ಕಳು ಸ್ವಂತ ಮನೆಯ ಮೇಲೆ ಹತ್ತಿ ಹೆಂಚು ಒಡೆಯುತ್ತಾರೆ. ಇಲಿ ಬೀಳುವುದು, ಜನ ಊರಾಚೆ ಗುಡಿಸಲು ಹಾಕುವುದು ಎಲ್ಲ ಆಮೇಲೆ. ಆ ಮನೆಗೇ ನಂಜಮ್ಮ ಸೊಸೆಯಾಗಿ ಬರುತ್ತಾಳೆ. ಗಂಡ ಚೆನ್ನಿಗರಾಯನಿಗೆ ಹೊಟ್ಟೆಯದೊಂದೇ ಚಿಂತೆ. ಶಾನುಭೋಗಿಕೆ ಅವನದು, ಲೆಕ್ಕ ಬರೆಯುವ ಕೈ ಇವಳದು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವವಳೂ ಇವಳೇ. ನಮ್ಮ ಸಂಘದಲ್ಲಿ ಪಾಸ್‌ಬುಕ್ ಹಿಡಿದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸದಾಗಿ ಮದುವೆಯಾದ ಪಾರ್ವತಿ, ಅವಳ ತಮ್ಮ ರಾಮಣ್ಣ, ಇಬ್ಬರನ್ನೂ ಪ್ಲೇಗು ಒಯ್ಯುತ್ತದೆ. ಮುಂದೆ ನಂಜಮ್ಮನನ್ನೂ.

ರೋಗ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಎರಡು ರೋಗಗಳ ನಡುವಿನ ವರ್ಷಗಳಲ್ಲಿ ಬೈಗುಳ, ಸಾಲ, ಹಸಿವು. ಕಾದಂಬರಿಯ ಹೆಚ್ಚು ಪುಟ ಈ ನಡುವಿನ ವರ್ಷಗಳಿಗೇ ಸಂದಿವೆ. ಅದರ ಕಟ್ಟಡದ ಗುಟ್ಟು ಇದೇ ಎಂದು ನನಗನ್ನಿಸುತ್ತದೆ. ಪ್ಲೇಗಿಗಾದರೆ ಸರ್ಕಾರ ಸೂಜಿಮದ್ದು ಕೊಡುತ್ತಿತ್ತು. ಚೆನ್ನಿಗರಾಯನಿಗೆ ಯಾವ ಮದ್ದು?

ಪ್ಲೇಗಿನಲ್ಲಿ ಮನೆ ಬಿಟ್ಟು ಹೊರಗೆ ಓಡಬೇಕಿತ್ತು. 2020ರ ಕೊರೋನಾದಲ್ಲಿ ಒಳಗೇ ಇರಿ ಎಂದರು. ಹೊಡೆಯುವವನ ಜೊತೆ ಒಳಗೇ ಇದ್ದವರ ದೂರುಗಳು ಏರಿದವು. ರಾಷ್ಟ್ರೀಯ ಮಹಿಳಾ ಆಯೋಗ ಆ ಏಪ್ರಿಲ್‌ನಲ್ಲಿ ವಾಟ್ಸಾಪ್ ನಂಬರ್ ತೆರೆಯಬೇಕಾಯಿತು. ನಂಜಮ್ಮನ ಕಾಲದಲ್ಲಿ ಇಲ್ಲದ ಒಂದು ನಮಗಿದೆ: ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆ, ಜಾರಿಯಾದದ್ದು 2006ರ ಅಕ್ಟೋಬರ್‌ನಲ್ಲಿ. ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನೊಂದಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ ಎನ್ನುತ್ತದೆ ಅದು.

ಒಂದು ಆಕ್ಷೇಪಣೆಯನ್ನೂ ಹೇಳಿಬಿಡುತ್ತೇನೆ. ಚೆನ್ನಿಗರಾಯನನ್ನು ಅಷ್ಟು ಪೆದ್ದನನ್ನಾಗಿ ಮಾಡಿದ್ದರಿಂದ ಹಿಂಸೆ ಎಂದರೆ ದಡ್ಡರ ಕೆಲಸ ಎಂದು ಓದುವವರು ಸಮಾಧಾನಪಟ್ಟುಕೊಳ್ಳಬಹುದು. ಆರ್.ಟಿ. ನಗರದಲ್ಲಿ, ಹೆಬ್ಬಾಳದಲ್ಲಿ ನಾವು ಕಂಡ ಗಂಡಂದಿರಲ್ಲಿ ಇಂಜಿನಿಯರುಗಳಿದ್ದರು, ಮೇಷ್ಟರಿದ್ದರು. ವರದಕ್ಷಿಣೆಯ ಲೆಕ್ಕ ಅವರಿಗೆ ಪೈಸೆ ಬಿಡದೆ ಗೊತ್ತಿತ್ತು. ಗಂಗಮ್ಮನೂ ಬಾಯಿಬಡುಕಿಯಾಗಿಯೇ ಕಾಣುತ್ತಾಳೆ. ಚಿಕ್ಕ ವಯಸ್ಸಿಗೇ ವಿಧವೆಯಾದವಳು ಹಾಗೇಕಾದಳು ಎಂದು ಕಾದಂಬರಿ ಹೆಚ್ಚು ಕೇಳುವುದಿಲ್ಲ. ಓದಿದಾಗ ಆ ಪ್ರಶ್ನೆಯನ್ನು ನೀವು ಕೇಳಿ. ಪುಸ್ತಕ ದಪ್ಪಗಿದೆ, ಓದು ಬಾರದವರೂ ನಮ್ಮಲ್ಲಿದ್ದಾರೆ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ.